ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲ, ಇದು ನನ್ನ ದೋಷವೇ?

ಪ್ರಶ್ನೆ: ನನಗೆ 36 ವರ್ಷ. ಸಣ್ಣ ಸುಳ್ಳು ಹೇಳಬೇಕಾದರೂ ಗಂಟಲು ಕಟ್ಟಿದ ಹಾಗಾಗುತ್ತದೆ. ಗೆಳತಿ ತಾನು ಬರೆದ ಕವಿತೆ ತೋರಿಸಿ 'ಹೇಗಿದೆ?' ಅಂದಳು. ಇಷ್ಟವಾಗದಿದ್ದರೂ 'ಚೆನ್ನಾಗಿದೆ' ಅಂದುಬಿಟ್ಟೆ. ರಾತ್ರಿಯೆಲ್ಲ ಅದೇ ಯೋಚನೆ. ಕಚೇರಿಯಲ್ಲಿ ಮೇಲಿನವರು 'ಕೆಲಸ ಮುಗಿಯುತ್ತಾ ಬಂದಿದೆ ಅಂತ ಗ್ರಾಹಕರಿಗೆ ಹೇಳಿಬಿಡಿ' ಅನ್ನುತ್ತಾರೆ. ಕೆಲಸ ಶುರುವೇ ಆಗಿರುವುದಿಲ್ಲ. ಫೋನ್ ಹಿಡಿದರೆ ಕೈ ಬೆವರುತ್ತದೆ. ಈಚೆಗೆ ಯಾರಾದರೂ 'ಚೆನ್ನಾಗಿದ್ದೀಯಾ?' ಅಂದರೆ 'ಹೂಂ' ಅನ್ನುವುದೂ ಸುಳ್ಳಲ್ಲವೇ ಅನಿಸುತ್ತಿದೆ. 'ಎಲ್ಲರೂ ಹೇಳ್ತಾರೆ, ಹೀಗಿದ್ದರೆ ನೀನು ಬದುಕೋದು ಕಷ್ಟ' ಅಂತ ಸಹೋದ್ಯೋಗಿಗಳು ಅನ್ನುತ್ತಾರೆ. ಈ ಕಸಿವಿಸಿ ಹೋಗಲು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಮಾತುಗಳಿವೆ. ಕವಿತೆಗೆ 'ಚೆನ್ನಾಗಿದೆ', ಗ್ರಾಹಕರಿಗೆ 'ಮುಗಿಯುತ್ತಾ ಬಂದಿದೆ', ಎದುರು ಸಿಕ್ಕವರಿಗೆ 'ಹೂಂ'. ಮೂರಕ್ಕೂ ನಿಮಗೆ ಒಂದೇ ಥರದ ಸಂಕಟ ಆಗುತ್ತಿದೆ. ಆದರೆ ಮೂರೂ ಒಂದೇ ಅಲ್ಲ. ಕೊನೆಯದಂತೂ ಸುಳ್ಳೇ ಅಲ್ಲ. ಅದನ್ನು ಮೊದಲು ಮುಗಿಸಿಬಿಡೋಣ.

ನಡೆಯುತ್ತಲೇ 'ಚೆನ್ನಾಗಿದ್ದೀಯಾ?' ಅನ್ನುವವರು ನಿಮ್ಮ ಮನಸ್ಸಿನ ವರದಿ ಕೇಳುತ್ತಿಲ್ಲ. 'ನಿನ್ನನ್ನು ನೋಡಿದೆ' ಅನ್ನುತ್ತಿದ್ದಾರೆ. ನಿಮ್ಮ 'ಹೂಂ'ಗೆ 'ನಾನೂ ನೋಡಿದೆ' ಅಂತಷ್ಟೇ ಅರ್ಥ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್ಸ್ಕಿ 1923ರಲ್ಲೇ ಇಂಥ ಮಾತುಗಳನ್ನು ಬೇರೆಯಾಗಿ ತೆಗೆದಿಟ್ಟರು. ಇವು ಸುದ್ದಿ ತಿಳಿಸುವ ಮಾತುಗಳಲ್ಲ, ನಂಟು ಕಾಯುವ ಮಾತುಗಳು ಎಂದರು. ನಾವು ಹೊರಡುವಾಗ 'ಬರ್ತೀನಿ' ಅನ್ನುತ್ತೇವೆ. ಹೋಗುತ್ತಿರುವವರು ಬರ್ತೀನಿ ಅಂದರು ಅಂತ ಯಾರಾದರೂ ಸುಳ್ಳಿನ ಆರೋಪ ಹೊರಿಸಿದ್ದುಂಟಾ? ಹೇಳುವವರಿಗೂ ಕೇಳುವವರಿಗೂ ಆಟದ ನಿಯಮ ಗೊತ್ತಿದ್ದರೆ ಅಲ್ಲಿ ಮೋಸ ಹೋಗುವವರು ಯಾರೂ ಇಲ್ಲ. ಹತ್ತಿರದವರೊಬ್ಬರು ಎದುರು ಕೂತು, ನಿಮ್ಮ ಮುಖ ನೋಡುತ್ತಾ ಅದೇ ಪ್ರಶ್ನೆ ಕೇಳಿದರೆ ಲೆಕ್ಕ ಬೇರೆ. ಆಗ 'ಹೂಂ' ಸುಳ್ಳಾಗಬಹುದು.

ಇದರಲ್ಲಿ ನಮ್ಮ ಭಾಷೆಯದೂ ಒಂದು ತರಲೆ ಇದೆ. ಕನ್ನಡದಲ್ಲಿ 'ಸುಳ್ಳು' ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ನಿಜವಲ್ಲದ್ದೂ ಸುಳ್ಳು, ಬೇಕಂತಲೇ ಮೋಸ ಮಾಡಲು ಹೇಳಿದ್ದೂ ಸುಳ್ಳು. 'ಮಳೆ ಬರುತ್ತೆ ಅಂದಿದ್ದೆ, ನನ್ನ ಮಾತು ಸುಳ್ಳಾಯಿತು' ಅನ್ನುತ್ತೇವಲ್ಲ, ಹಾಗಂದವರು ಸುಳ್ಳುಗಾರರಾ? 4ನೇ ಶತಮಾನದ ಕೊನೆಯಲ್ಲಿ ಕ್ರೈಸ್ತ ಚಿಂತಕ ಸಂತ ಅಗಸ್ಟೀನ್ ಈ ಗೆರೆಯನ್ನು ಖಡಕ್ಕಾಗಿ ಎಳೆದಿದ್ದರು. ನಿಜ ಎಂದು ನಂಬಿ ತಪ್ಪು ಹೇಳಿದವನು ಸುಳ್ಳುಗಾರನಲ್ಲ. ಮನಸ್ಸಿನಲ್ಲಿ ಒಂದಿಟ್ಟುಕೊಂಡು, ಕೇಳುವವನನ್ನು ದಾರಿ ತಪ್ಪಿಸಲು ಬಾಯಲ್ಲಿ ಇನ್ನೊಂದು ಹೇಳಿದವನು ಸುಳ್ಳುಗಾರ. ಸಲಹೆಗೆ ನನ್ನ ಬಳಿ ಬರುವವರಲ್ಲಿ ಎಷ್ಟೋ ಜನ ಮರೆತದ್ದಕ್ಕೆ, ತಪ್ಪು ತಿಳಿದದ್ದಕ್ಕೆ, ಮನಸ್ಸು ಬದಲಾದದ್ದಕ್ಕೆಲ್ಲ 'ಸುಳ್ಳು ಹೇಳಿಬಿಟ್ಟೆ' ಅಂತ ಕೊರಗುತ್ತಾರೆ. ನಿಮ್ಮ ಪಟ್ಟಿಯಿಂದಲೂ ಇಂಥವನ್ನು ಹೊಡೆದುಹಾಕಿ. ಪಟ್ಟಿ ಅರ್ಧಕ್ಕಿಳಿದರೂ ನನಗೆ ಆಶ್ಚರ್ಯವಿಲ್ಲ.

ಇನ್ನು 'ಎಲ್ಲರೂ ಹೇಳ್ತಾರೆ' ಎಂಬ ಮಾತು. ಇದಕ್ಕೆ ಲೆಕ್ಕ ಇದೆ. ಮನಃಶಾಸ್ತ್ರಜ್ಞೆ ಬೆಲ್ಲಾ ಡಿಪಾಲೊ ಮತ್ತು ಸಂಗಡಿಗರು 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 77 ವಿದ್ಯಾರ್ಥಿಗಳು, 70 ಮಂದಿ ಬೇರೆ ಜನ, ಒಂದು ವಾರ ತಮ್ಮ ಸುಳ್ಳುಗಳನ್ನೆಲ್ಲ ಡೈರಿಯಲ್ಲಿ ಬರೆದಿಟ್ಟರು. ವಿದ್ಯಾರ್ಥಿಗಳದ್ದು ದಿನಕ್ಕೆ ಸರಾಸರಿ ಎರಡು, ಉಳಿದವರದ್ದು ಒಂದು. ಇದನ್ನು ಹಿಡಿದುಕೊಂಡು 'ನೋಡಿ, ದಿನಾ ಎಲ್ಲರೂ ಸುಳ್ಳು ಹೇಳುತ್ತಾರೆ' ಅಂತ ಹೇಳಿದ್ದೇ ಹೇಳಿದ್ದು. ಆದರೆ ಸರಾಸರಿ ಅನ್ನುವುದು ಬಲು ಕಿಲಾಡಿ. 2010ರಲ್ಲಿ ಕಿಮ್ ಸೆರೋಟಾ, ತಿಮೋತಿ ಲೆವಿನ್, ಫ್ರಾಂಕ್ಲಿನ್ ಬೋಸ್ಟರ್ ಸೇರಿ ಅಮೆರಿಕದ 1000 ವಯಸ್ಕರನ್ನು ಕೇಳಿದರು. ಸರಾಸರಿ ದಿನಕ್ಕೆ 1.65 ಸುಳ್ಳು ಬಂತು. ಬಿಡಿಸಿ ನೋಡಿದರೆ, ಹಿಂದಿನ 24 ಗಂಟೆಯಲ್ಲಿ ಒಂದೂ ಸುಳ್ಳು ಹೇಳಿಲ್ಲ ಅಂದವರೇ ಸುಮಾರು ಶೇ 60. ಒಟ್ಟು ಸುಳ್ಳುಗಳಲ್ಲಿ ಅರ್ಧದಷ್ಟು ಬರೀ ಶೇ 5 ಜನರ ಬಾಯಿಂದ ಬಂದಿದ್ದವು. ಸುಳ್ಳಿನ ಬಗ್ಗೆ ಜನ ತಾವೇ ಕೊಟ್ಟ ಲೆಕ್ಕ ಇದು, ಅಷ್ಟರ ಮಟ್ಟಿಗೆ ಎಚ್ಚರದಿಂದಲೇ ನೋಡಬೇಕು. ಆದರೂ 'ಎಲ್ಲರೂ' ಅನ್ನುವುದು ಸರಿಯಲ್ಲ ಅನ್ನುವಷ್ಟು ಗೊತ್ತಾಗುತ್ತದೆ. ನೀವು ವಿಚಿತ್ರ ಪ್ರಾಣಿಯಲ್ಲ. ಸುಳ್ಳು ಹೇಳಿದರೆ ತನಗೂ ಲಾಭ, ಎದುರಿನವರಿಗೂ ಲಾಭ ಅಂತ ಆಟ ಕಟ್ಟಿಕೊಟ್ಟಾಗಲೂ ಅನೇಕರು ಸುಳ್ಳು ಹೇಳಲು ಒಪ್ಪಲಿಲ್ಲ. ಸಂಜೀವ್ ಎರಾಟ್ ಮತ್ತು ಯೂರಿ ಗ್ನೀಝಿ 2012ರಲ್ಲಿ ಇದನ್ನು ತೋರಿಸಿದರು. ದುಡ್ಡು ಬಿಟ್ಟುಕೊಟ್ಟು ನಿಜ ಇಟ್ಟುಕೊಂಡ ಜನ!

ಈಗ ಬೆವರುವ ಕೈಗೆ ಬರೋಣ. ಸುಳ್ಳಿಗೆ ಅಂತಲೇ ದೇಹದಲ್ಲಿ ಬೇರೆ ಗಂಟೆ ಇಲ್ಲ. ಸುಳ್ಳು ಪತ್ತೆ ಯಂತ್ರ ಎಂದು ಕರೆಯುವ ಪಾಲಿಗ್ರಾಫ್ ಅಳೆಯುವುದು ರಕ್ತದೊತ್ತಡ, ಉಸಿರು, ಚರ್ಮದ ಬೆವರು. ಇವು ಭಯಕ್ಕೂ ಏರುತ್ತವೆ, ಕೋಪಕ್ಕೂ ಏರುತ್ತವೆ, 'ನನ್ನನ್ನು ನಂಬುತ್ತಾರೋ ಇಲ್ಲವೋ' ಎಂಬ ಆತಂಕಕ್ಕೂ ಏರುತ್ತವೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಂಶೋಧನಾ ಮಂಡಳಿ 2003ರ ವರದಿಯಲ್ಲಿ ಈ ಯಂತ್ರದ ವೈಜ್ಞಾನಿಕ ಬುಡ ಗಟ್ಟಿಯಿಲ್ಲ ಅಂದದ್ದು ಇದೇ ಕಾರಣಕ್ಕೆ. ಹಾಗಾಗಿ ನಿಮ್ಮ ಬೆವರು 'ನೀನು ತಪ್ಪು ಮಾಡಿದೆ' ಅನ್ನುತ್ತಿಲ್ಲ. 'ಇಲ್ಲೇನೋ ಇದೆ, ನೋಡು' ಅನ್ನುತ್ತಿದೆ, ಅಷ್ಟೇ.

ಮನೆ ಕಾಯುವ ನಾಯಿ ಇದೆ ಅಂದುಕೊಳ್ಳಿ. ಕಳ್ಳ ಬಂದರೂ ಬೊಗಳುತ್ತದೆ, ನೆಂಟರು ಬಂದರೂ ಬೊಗಳುತ್ತದೆ. ಬೊಗಳಿತು ಅಂತ ನೆಂಟರಿಗೆ ದೊಣ್ಣೆ ಎತ್ತುತ್ತೀರಾ? ನಿದ್ದೆ ಕೆಡಿಸಿತು ಅಂತ ನಾಯಿಯನ್ನೇ ಓಡಿಸುತ್ತೀರಾ? ಎದ್ದು ಹೋಗಿ ಯಾರು ಬಂದರು ಅಂತ ನೋಡಬೇಕು.

ನೋಡಲು ನಾನು ಜನರಿಗೆ ಕೇಳುವ ಪ್ರಶ್ನೆ ಒಂದಿದೆ. 'ಇದು ಎಂದೆಂದಿಗೂ ಹೊರಗೆ ಬರುವುದಿಲ್ಲ ಅಂತ ನಿಮಗೆ ಖಾತ್ರಿ ಇದ್ದಿದ್ದರೆ ಆಗಲೂ ಹೀಗೇ ಅನಿಸುತ್ತಿತ್ತಾ?' ಕೆಲವರು ತಟ್ಟನೆ 'ಇಲ್ಲ' ಅನ್ನುತ್ತಾರೆ. ಅವರದ್ದು ಸಿಕ್ಕಿಬೀಳುವ ಭಯ. ಅದಕ್ಕೂ ಪ್ರಾಮಾಣಿಕತೆಗೂ ಸಂಬಂಧ ಕಡಿಮೆ. ಅಂದಹಾಗೆ, ಆ ಭಯ ಇರುವಷ್ಟು ಜನ ಸಿಕ್ಕಿಬೀಳುವುದೂ ಇಲ್ಲ. ಚಾರ್ಲ್ಸ್ ಬಾಂಡ್ ಮತ್ತು ಡಿಪಾಲೊ 2006ರಲ್ಲಿ 24 ಸಾವಿರಕ್ಕೂ ಜಾಸ್ತಿ ಜನರ ತೀರ್ಪುಗಳನ್ನು ಒಟ್ಟುಹಾಕಿ ನೋಡಿದರು. ಕೇಳಿದ್ದು ನಿಜವೋ ಸುಳ್ಳೋ ಅಂತ ಜನ ಸರಿಯಾಗಿ ಹೇಳಿದ್ದು ಶೇ 54 ಸಲ. ನಾಣ್ಯ ಚಿಮ್ಮಿದರೂ 50 ಸಿಗುತ್ತಿತ್ತು. ನಮ್ಮ ಮುಖ ಗಾಜಿನ ಹಾಗೆ, ಒಳಗಿನದೆಲ್ಲ ಕಾಣುತ್ತದೆ ಅಂತ ನಮಗೆ ಅನಿಸುತ್ತದೆ. ಎದುರಿನವರಿಗೆ ಅಷ್ಟೇನೂ ಕಾಣುವುದಿಲ್ಲ.

ಇನ್ನು ಕೆಲವರು ಸ್ವಲ್ಪ ಹೊತ್ತು ಸುಮ್ಮನಿದ್ದು 'ಹೌದು, ಆಗಲೂ ಹೀಗೇ ಅನಿಸುತ್ತಿತ್ತು' ಅನ್ನುತ್ತಾರೆ. ನೀವು ಈ ಗುಂಪಿನವರು ಅಂತ ನನ್ನ ಅಂದಾಜು. ಕವಿತೆಯ ವಿಷಯದಲ್ಲಿ ನೀವು ಸಿಕ್ಕಿಬೀಳುವ ಮಾತೇ ಇಲ್ಲವಲ್ಲ.

ನಿಮ್ಮ ನಿಜವಾದ ಪ್ರಶ್ನೆ, ಈ ಕಸಿವಿಸಿ ಹೋಗುವುದು ಹೇಗೆ ಅಂತ. ಹೋಗುವುದು ಸುಲಭ. ಏನೂ ಮಾಡದೆ ಬಿಟ್ಟರೂ ಅದು ಎರಡು ದಾರಿಯಲ್ಲಿ ತಾನೇ ಹೋಗುತ್ತದೆ. ನನಗೆ ಗಾಬರಿ ಆಗುವುದೇ ಅದಕ್ಕೆ.

ಮೊದಲನೆಯ ದಾರಿ, ಒಗ್ಗಿಹೋಗುವುದು. ಲಂಡನ್ನಿನಲ್ಲಿ ಟಾಲಿ ಶಾರಟ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ಗಾಜಿನ ಜಾಡಿಯ ಚಿತ್ರ ನೋಡಿ, ಅದರಲ್ಲಿ ಎಷ್ಟು ಚಿಲ್ಲರೆ ಇದೆ ಅಂತ ಜೊತೆಗಾರರಿಗೆ ತಿಳಿಸಬೇಕಿತ್ತು. ಕೆಲವು ಸುತ್ತುಗಳಲ್ಲಿ ತಪ್ಪು ಹೇಳಿದರೆ ಹೇಳಿದವರಿಗೆ ಲಾಭ. ಲಾಭ ಇದ್ದ ಕಡೆ ಸುಳ್ಳು ಚಿಕ್ಕದಾಗಿ ಶುರುವಾಗಿ ಸುತ್ತು ಕಳೆದ ಹಾಗೆ ಬೆಳೆಯಿತು. ಅದೇ ಹೊತ್ತಿಗೆ ಮಿದುಳಿನ ಅಮಿಗ್ಡಲ ಎಂಬ ಭಾಗದ ಪ್ರತಿಕ್ರಿಯೆ ಇಳಿಯುತ್ತಾ ಹೋಯಿತು. ಭಯ, ಕಳವಳದಂಥ ಭಾವನೆಗಳಲ್ಲಿ ಚುರುಕಾಗುವ ಭಾಗ ಅದು. ಒಂದೇ ಪ್ರಯೋಗದ ಮೇಲೆ ಇಡೀ ಮನೆ ಕಟ್ಟಬಾರದು, ನಿಜ. (ನಮ್ಮ ಮನಃಶಾಸ್ತ್ರ ಕ್ಷೇತ್ರಕ್ಕೆ ಈ ಪಾಠ ಮುಖಕ್ಕೆ ಹೊಡೆದ ಹಾಗೆ ಸಿಕ್ಕಿದೆ. ಅರ್ಜಿಯ ಕೆಳಗಡೆ ಬದಲು ಮೇಲ್ಗಡೆ ಸಹಿ ಹಾಕಿಸಿದರೆ ಜನ ಹೆಚ್ಚು ಪ್ರಾಮಾಣಿಕರಾಗುತ್ತಾರೆ ಅಂದ 2012ರ ಹೆಸರಾಂತ ಪ್ರಬಂಧವೊಂದನ್ನು 2021ರಲ್ಲಿ ಹಿಂದಕ್ಕೆ ಪಡೆದರು. ಅದರ ಅಂಕಿ ಅಂಶವೇ ಕೃತಕ ಅಂತ ಗೊತ್ತಾಯಿತು. ಪ್ರಾಮಾಣಿಕತೆಯ ಮೇಲಿನ ಪ್ರಬಂಧ! ನಗಬೇಕೋ ಅಳಬೇಕೋ.) ಆದರೂ ಜಾಡಿಯ ಪ್ರಯೋಗ ಹೇಳಿದ್ದನ್ನು ನಾನು ಕೋಣೆಯಲ್ಲಿ ಕೂತು ಕೇಳಿದ್ದೇನೆ. ವ್ಯವಹಾರದಲ್ಲಿ ದೊಡ್ಡ ಮೋಸದಲ್ಲಿ ಸಿಕ್ಕಿಕೊಂಡವರು ಕಥೆ ಹೇಳುವಾಗ ಶುರುವಿಗೆ ಒಂದು ಸಣ್ಣ ತಿದ್ದುವಿಕೆ ಇರುತ್ತದೆ. ಆ ದಿನ ನಿದ್ದೆ ಬಂದಿರುವುದಿಲ್ಲ. ಹತ್ತನೆಯ ಸಲಕ್ಕೆ ಚೆನ್ನಾಗಿ ನಿದ್ದೆ ಬರುತ್ತದೆ.

ಎರಡನೆಯ ದಾರಿ ಇನ್ನೂ ನಾಜೂಕು. 1959ರಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಜೇಮ್ಸ್ ಕಾರ್ಲ್‌ಸ್ಮಿತ್ ಪ್ರಕಟಿಸಿದ ಪ್ರಯೋಗ ಮನಃಶಾಸ್ತ್ರ ಓದಿದ ಎಲ್ಲರಿಗೂ ಗೊತ್ತು. ಆದರೆ ಅದು ಸುಳ್ಳಿನ ಬಗೆಗಿನ ಪ್ರಯೋಗ ಅನ್ನುವುದನ್ನು ಮರೆತುಬಿಡುತ್ತೇವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಒಂದು ಗಂಟೆ ಜೀವ ಹಿಂಡುವ ಕೆಲಸ ಕೊಟ್ಟರು. ಅರ್ಧ ಗಂಟೆ ತಟ್ಟೆಗೆ ದಾರದುಂಡೆ ತುಂಬುವುದು, ಖಾಲಿ ಮಾಡುವುದು. ಇನ್ನರ್ಧ ಗಂಟೆ ಹಲಗೆಯ ಮೇಲಿನ 48 ಗೂಟಗಳನ್ನು ಒಂದೊಂದಾಗಿ ಕಾಲು ಸುತ್ತು ತಿರುಗಿಸುವುದು. ಆಮೇಲೆ ಒಂದು ಕೋರಿಕೆ: 'ಹೊರಗೆ ಒಬ್ಬಳು ಕಾಯುತ್ತಿದ್ದಾಳೆ, ಕೆಲಸ ತುಂಬಾ ಮಜವಾಗಿತ್ತು ಅಂತ ಅವಳಿಗೆ ಹೇಳಿ.' ಕೆಲವರಿಗೆ ಇದಕ್ಕೆ 1 ಡಾಲರ್, ಕೆಲವರಿಗೆ 20 ಡಾಲರ್. ಕೊನೆಗೆ ಬೇರೆ ಯಾರೋ ಬಂದು 'ನಿಜವಾಗಿ ಕೆಲಸ ಹೇಗಿತ್ತು?' ಅಂತ ಕೇಳಿದರು.

20 ಡಾಲರ್ ಪಡೆದವರು ಮಜವಾಗಿತ್ತು ಅನ್ನಲಿಲ್ಲ. 1 ಡಾಲರ್ ಪಡೆದವರು 'ಪರವಾಗಿಲ್ಲ, ಚೆನ್ನಾಗಿಯೇ ಇತ್ತು' ಎಂಬ ಕಡೆಗೆ ವಾಲಿದರು. ಯಾಕೆ? ದುಡ್ಡು ಜಾಸ್ತಿ ಸಿಕ್ಕವರಿಗೆ ನೆಪ ಇತ್ತು: ದುಡ್ಡಿಗಾಗಿ ಹೇಳಿದೆ. 1 ಡಾಲರಿನವರಿಗೆ ಆ ನೆಪ ಇರಲಿಲ್ಲ. ಹೇಳಿದ್ದು ಒಂದು, ಅನಿಸಿದ್ದು ಒಂದು, ನಡುವೆ ಕಸಿವಿಸಿ. ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಅನಿಸಿದ್ದನ್ನೇ ಬದಲಿಸಿಕೊಂಡರು. ಬೇಕಂತ ಮಾಡಿದ್ದಲ್ಲ, ಅವರಿಗೇ ಗೊತ್ತಾಗದೆ ಆದದ್ದು.

ನನಗೆ ಈ ಪ್ರಯೋಗ ಕೊಂಚ ಹೆದರಿಕೆ ಹುಟ್ಟಿಸುತ್ತದೆ, ಯಾಕೆಂದರೆ ನಮ್ಮ ದಿನದ ಸುಳ್ಳುಗಳೆಲ್ಲ 1 ಡಾಲರಿನವೇ. ಯಾರೂ ಕೋಟಿ ಕೊಟ್ಟು 'ಚೆನ್ನಾಗಿದೆ ಅನ್ನಿ' ಅನ್ನುವುದಿಲ್ಲ. ಸುಮ್ನೆ, ಒಂದು ಮುಖ ಬಾಡದಿರಲಿ ಅಂತ ಹೇಳುತ್ತೇವೆ. ಐದು ವರ್ಷ ಒಂದು ಕೆಲಸವನ್ನು ಎಲ್ಲರ ಮುಂದೆ 'ಇಷ್ಟ' ಅಂದವರು, ಒಂದು ಸಂಬಂಧವನ್ನು 'ಚೆನ್ನಾಗಿದೆ' ಅಂದವರು ಆಮೇಲೆ ತಮಗೆ ಏನು ಅನಿಸುತ್ತದೆ ಅಂತ ಹೇಳಲಾರದೆ ನನ್ನೆದುರು ಕೂತದ್ದಿದೆ. ಬೇರೆಯವರಿಗೆ ಹೇಳಿದ ಸುಳ್ಳು ಕೊನೆಗೆ ತಲುಪಿದ್ದು ಅವರಿಗೇ.

ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಕಸಿವಿಸಿಯನ್ನು ಹೋಗಲಾಡಿಸುವ ಕೆಲಸಕ್ಕೆ ಕೈ ಹಾಕಬೇಡಿ. ಅದು ಇನ್ನೂ ಬೊಗಳುತ್ತಿದೆ ಅಂದರೆ ನೀವು ಒಗ್ಗಿಲ್ಲ, ನಿಮ್ಮ ಸುಳ್ಳನ್ನು ನೀವೇ ನಂಬಿಲ್ಲ. ಬದಲಿಸಬೇಕಾದದ್ದು ವಾಕ್ಯವನ್ನು. ಕಚೇರಿಯಿಂದ ಶುರು ಮಾಡೋಣ.

ಅಲ್ಲಿ ಸುಳ್ಳು ನಿಮ್ಮದಲ್ಲ, ಬಾಯಿ ಮಾತ್ರ ನಿಮ್ಮದು. ಮೇಲಿನವರ ಭರವಸೆಗೆ ನಿಮ್ಮ ದನಿ ಬಾಡಿಗೆಗೆ ಹೋಗುತ್ತಿದೆ. ನಾಳೆ ಗ್ರಾಹಕ ಜಗಳ ತೆಗೆದಾಗ 'ಫೋನಿನಲ್ಲಿ ಹೀಗಂದರು' ಅಂತ ಬೆರಳು ತೋರಿಸುವುದೂ ನಿಮ್ಮ ಕಡೆಗೇ. ಕೈ ಬೆವರಿದರೆ ತಪ್ಪೇನು? ಇಂಥ ಜಾಗದಲ್ಲಿ 'ನಾನು ಸುಳ್ಳು ಹೇಳಲ್ಲ ಸಾರ್' ಅಂತ ಘೋಷಣೆ ಮಾಡಿದರೆ ಮೇಲಿನವರಿಗೆ ಅವಮಾನ, ನಿಮಗೆ ಕಷ್ಟ. ಕೆಲಸ ಉಳಿಸಿಕೊಳ್ಳಬೇಕಾದವರಿಗೆ ನಾನು ಇಲ್ಲಿ ಕೂತು ಧೈರ್ಯ ಹೇಳುವುದು ಬಹಳ ಸುಲಭ, ಅದೂ ಗೊತ್ತು. ಹಾಗಾಗಿ ಒಂದು ಚಿಕ್ಕ ಉಪಾಯ. ಮೇಲಿನವರ ಹತ್ತಿರ ವಿಶೇಷಣ ತೆಗೆದುಕೊಳ್ಳಬೇಡಿ, ತಾರೀಖು ತೆಗೆದುಕೊಳ್ಳಿ. 'ಮುಗಿಯುತ್ತಾ ಬಂದಿದೆ ಅಂದರೆ ಅವರು ಯಾವತ್ತು ಅಂತ ಕೇಳ್ತಾರೆ. ಯಾವ ದಿನ ಹೇಳಲಿ?' ಅಷ್ಟೇ ಕೇಳಿ. ದಿನ ಸಿಕ್ಕಿದರೆ ಗ್ರಾಹಕರಿಗೆ ಹೇಳಲು ನಿಜವಾದ ಮಾತು ಸಿಕ್ಕಿತು: 'ಮೊದಲ ಭಾಗ ಬುಧವಾರ ಕಳಿಸುತ್ತೇವೆ.' ಗ್ರಾಹಕರಿಗೆ ಬೇಕಾದದ್ದೂ ಅದೇ. 'ಮುಗಿಯುತ್ತಾ ಬಂದಿದೆ' ಎಂಬ ಮಾತು ಇಟ್ಟುಕೊಂಡು ಅವರು ತಮ್ಮ ಕೆಲಸ ಏನೂ ಹೊಂದಿಸಿಕೊಳ್ಳಲಾರರು. ತಡವಾಗಿದ್ದರೆ 'ತಡವಾಗಿದೆ' ಅನ್ನುವುದರ ಜೊತೆ ದಿನ ಹೇಳಿದರೆ ಬೈಗುಳ ಒಂದೇ ಸಲಕ್ಕೆ ಮುಗಿಯುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ನಿಮ್ಮಂಥವರೇ ಅದರಲ್ಲಿ ಬೀಳುವುದು. ಅಪ್ಪಟ ಸುಳ್ಳು ಹೇಳಲು ಬಾಯಿ ಬಾರದವರು ನಿಜವನ್ನೇ ಜೋಡಿಸಿ ದಾರಿ ತಪ್ಪಿಸುವುದನ್ನು ಕಲಿತುಬಿಡುತ್ತಾರೆ. 'ನಮ್ಮ ತಂಡದ ಗಮನ ಪೂರ್ತಿ ನಿಮ್ಮ ಕೆಲಸದ ಮೇಲೇ ಇದೆ.' ಪದ ಪದವೂ ನಿಜ ಇರಬಹುದು. ಕೇಳಿದವರು ತಿಳಿದುಕೊಂಡದ್ದು ಸುಳ್ಳು. ಧರ್ಮರಾಯ ಮಾಡಿದ್ದು ಇದನ್ನೇ. ಸತ್ತದ್ದು ಅಶ್ವತ್ಥಾಮ ಎಂಬ ಆನೆ, ದ್ರೋಣನಿಗೆ ಕೇಳಿಸಿದ್ದು ಮಗನ ಸಾವು. ಆನೆ ಎಂಬ ಪದ ಮೆಲ್ಲಗೆ ಬಂತು, ಅಷ್ಟೇ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ರಥ ಆ ಹೊತ್ತಿಗೆ ನೆಲ ಮುಟ್ಟಿತು. ಕಥೆ ಹೇಳಿದವರು ಈ ಬಗೆಯ ಮಾತಿಗೆ ರಿಯಾಯಿತಿ ಕೊಡಲಿಲ್ಲ. ಈಗಿನ ಜನರೂ ಕೊಡುವುದಿಲ್ಲ. ಟಾಡ್ ರೋಜರ್ಸ್ ಮತ್ತು ಸಂಗಡಿಗರು 2017ರಲ್ಲಿ ಚೌಕಾಸಿ ಮಾತುಕತೆಗಳಲ್ಲಿ ಇದನ್ನು ಪರೀಕ್ಷಿಸಿದರು. ಹೇಳುವವರು 'ನಾನು ಸುಳ್ಳು ಹೇಳಿಲ್ಲವಲ್ಲ' ಅಂತ ತಮ್ಮನ್ನು ತಾವು ಹಗುರವಾಗಿ ನೋಡಿಕೊಂಡರು. ವಿಷಯ ಗೊತ್ತಾದ ಮೇಲೆ ಎದುರಿನವರು ಅಷ್ಟು ಹಗುರವಾಗಿ ನೋಡಲಿಲ್ಲ.

ಈಗ ಕವಿತೆ. ಇದೇ ಕಷ್ಟದ್ದು, ಯಾಕೆಂದರೆ ಇಲ್ಲಿ ಪ್ರೀತಿ ಇದೆ. 'ಅವಳಿಗೆ ನೋವಾಗಬಾರದು ಅಂತ ಹೇಳಿದೆ' ಅನ್ನುತ್ತೀರಿ. ಇರಬಹುದು. ಆದರೆ ಆ ಕ್ಷಣದ ಮುಜುಗರದಿಂದ ಪಾರಾಗಬೇಕಾದವರು ಯಾರು, ಅವಳಾ ನೀವಾ? ಈ ಪ್ರಶ್ನೆ ನಿಮಗೊಬ್ಬರಿಗೇ ಅಲ್ಲ. ವೈದ್ಯರ ಕಥೆ ನೋಡಿ. 1961ರಲ್ಲಿ ಡೊನಾಲ್ಡ್ ಓಕನ್ ಅಮೆರಿಕದ ವೈದ್ಯರನ್ನು ಕೇಳಿದಾಗ ಶೇ 90 ಮಂದಿ ಕ್ಯಾನ್ಸರ್ ಇದೆ ಅಂತ ರೋಗಿಗೆ ಸಾಮಾನ್ಯವಾಗಿ ಹೇಳುವುದಿಲ್ಲ ಅಂದರು. ಕಾರಣ ಕರುಣೆ: ಅವರು ಕುಸಿದುಹೋಗುತ್ತಾರೆ. 1979ರಲ್ಲಿ ಅಂಥದ್ದೇ ಪ್ರಶ್ನೆಗೆ ಶೇ 97 ಮಂದಿ ಹೇಳುತ್ತೇವೆ ಅಂದರು. 18 ವರ್ಷದಲ್ಲಿ ಮನುಷ್ಯರ ಎದೆಗುಂಡಿಗೆ ಬದಲಾಗಲಿಲ್ಲ. ಚಿಕಿತ್ಸೆ ಸುಧಾರಿಸಿತ್ತು. ರೋಗಿಗೆ ತನ್ನ ದೇಹದ ಬಗ್ಗೆ ತಿಳಿಯುವ ಹಕ್ಕಿದೆ ಎಂಬ ಮಾತು ಗಟ್ಟಿಯಾಗಿತ್ತು. ಮತ್ತು ವೈದ್ಯರು ಹೇಳುವುದು ಹೇಗೆ ಅಂತ ಕಲಿಯತೊಡಗಿದ್ದರು. ಕೆಟ್ಟ ಸುದ್ದಿ ತಿಳಿಸುವ ಆರು ಹೆಜ್ಜೆಗಳ ಕ್ರಮವೊಂದು 2000ದಲ್ಲಿ ಬಂತು, ಈಗ ಅದನ್ನು ಜಗತ್ತಿನ ಎಷ್ಟೋ ಕಡೆ ಕಲಿಸುತ್ತಾರೆ. ಅದರಲ್ಲಿ ನನಗೆ ಅತಿ ಇಷ್ಟವಾದ ಹೆಜ್ಜೆ, ಹೇಳುವ ಮೊದಲು ಕೇಳುವುದು: 'ನಿಮಗೆ ಎಷ್ಟು ತಿಳಿಯಬೇಕು ಅನಿಸುತ್ತದೆ?'

ಅದನ್ನೇ ಕವಿತೆಗೂ ತನ್ನಿ. 'ಹೇಗಿದೆ?' ಅಂದ ತಕ್ಷಣ ಉತ್ತರ ಕೊಡಬೇಕು ಅಂತ ಯಾರು ಹೇಳಿದರು? 'ಸುಮ್ನೆ ಓದಲಿ ಅಂತ ತೋರಿಸ್ತಿದ್ದೀಯಾ, ತಿದ್ದಬೇಕು ಅಂತ ಕೇಳ್ತಿದ್ದೀಯಾ?' ಎನ್ನಿ. ಬಹಳ ಜನಕ್ಕೆ ಬೇಕಾದದ್ದು ಮೊದಲನೆಯದು. ಆಗ ನೀವು ಅಂಕ ಕೊಡಬೇಕಾದ್ದೇ ಇಲ್ಲ. ಅವಳು ಅದನ್ನು ಯಾವಾಗ ಬರೆದಳು, ಯಾಕೆ ಬರೆದಳು ಅಂತ ಕೇಳಿದರೆ ಸಾಕು. ಎರಡನೆಯದು ಬೇಕು ಅಂದರೆ ನಿಮಗೆ ನಿಜವಾಗಿ ಹಿಡಿಸಿದ ಒಂದು ಸಾಲು ಹುಡುಕಿ, ಎಡವಿದ ಒಂದು ಸಾಲು ತೋರಿಸಿ. ಇಡೀ ಕವಿತೆಗೆ ತೀರ್ಪು ಬೇಡ. ಹಾಗಂತ ಮುಚ್ಚಿಡುವುದೆಲ್ಲ ಸುಳ್ಳಲ್ಲ. ನಿಮ್ಮ ಅಭಿಪ್ರಾಯ ನಿಮ್ಮದು, ಎಲ್ಲವನ್ನೂ ಎಲ್ಲರ ಮುಂದೆ ಸುರಿಯುವ ಸಾಲ ನಿಮ್ಮ ಮೇಲಿಲ್ಲ. 'ನಾನು ಕಡ್ಡಿ ಮುರಿದ ಹಾಗೆ ಹೇಳೋನು' ಅಂತ ಹೆಮ್ಮೆಪಡುವವರನ್ನು ನಾನು ದೂರದಿಂದಲೇ ನೋಡುತ್ತೇನೆ. ಅವರಲ್ಲಿ ಕಡ್ಡಿಗಿಂತ ಮುರಿಯುವ ಆಸೆಯೇ ಜಾಸ್ತಿ.

ನಿಜ ಹೇಳಿದರೆ ಸಂಬಂಧ ಕೆಟ್ಟುಹೋಗುತ್ತದೆ ಎಂಬ ಹೆದರಿಕೆ ಇರುತ್ತದೆ ಅಲ್ವಾ? 'ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು' ಅಂತ ಗಾದೆಯೇ ಇದೆ. ಎಮ್ಮಾ ಲೆವಿನ್ ಮತ್ತು ಟಾಯಾ ಕೋಹೆನ್ ಪ್ರಯೋಗವೊಂದರಲ್ಲಿ ಕೆಲವರಿಗೆ ಮೂರು ದಿನ ಎಲ್ಲರ ಜೊತೆ ಪೂರ್ತಿ ಪ್ರಾಮಾಣಿಕವಾಗಿ ಮಾತಾಡಿ ಅಂದರು. ಹೀಗೆ ಮಾಡಿದರೆ ಹೇಗಿರುತ್ತದೆ ಅಂತ ಬೇರೆಯವರನ್ನು ಊಹಿಸಲು ಹೇಳಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಊಹೆಗಿಂತ ಅನುಭವ ಹಿತವಾಗಿತ್ತು. ಎದುರಿನವರು ಅಂದುಕೊಂಡಷ್ಟು ಕೆಟ್ಟದಾಗಿ ತೆಗೆದುಕೊಳ್ಳಲೂ ಇಲ್ಲ. ಒದೆಯುವವರು ಇದ್ದಾರೆ. ಲೆಕ್ಕ ಹಾಕಿಕೊಂಡಷ್ಟು ಇಲ್ಲ.

ಸುಳ್ಳು ನಂಟನ್ನು ಹೇಗೆ ಸವೆಸುತ್ತದೆ ಅನ್ನುವುದನ್ನು ನಾನು ಕಲಿತದ್ದು ಸಂಶೋಧನೆಯಿಂದಲ್ಲ. ವರ್ಷಗಳ ಹಿಂದೆ ಗೆಳೆಯರೊಬ್ಬರು ತಮ್ಮ ಹಸ್ತಪ್ರತಿ ಕೊಟ್ಟಿದ್ದರು. ನಾನು ಇಪ್ಪತ್ತು ಪುಟ ಓದಿ ಬಿಟ್ಟಿದ್ದೆ. ಸಿಕ್ಕಾಗ 'ಓದಿದೆ, ಚೆನ್ನಾಗಿದೆ' ಅಂದೆ. ಅವರ ಮುಖ ಅರಳಿತು. ಅರಳಿದ್ದೇ ತೊಂದರೆಯಾಯಿತು. ಆ ಸಂತೋಷ ನಿಜವಾದದ್ದು, ಅದಕ್ಕೆ ಕಾರಣವಾದ ನಾನು ಸುಳ್ಳು. ಮುಂದೆ ಅವರು ಆ ಬರಹದ ಮಾತು ತೆಗೆದಾಗಲೆಲ್ಲ ನಾನು ಮಾತು ತಿರುಗಿಸತೊಡಗಿದೆ. ಆಮೇಲೆ ಅವರನ್ನೇ ತಪ್ಪಿಸತೊಡಗಿದೆ. ಅವರು ಕೆಟ್ಟವರಾಗಿರಲಿಲ್ಲ, ಅವರ ಜೊತೆ ಇರುವ ನಾನು ನನಗೆ ಹಿಡಿಸುತ್ತಿರಲಿಲ್ಲ. ಆರಂಭದಲ್ಲಿ ಹೇಳಿದ 1996ರ ಡೈರಿಗಳಲ್ಲೂ ಇದೇ ಕಾಣುತ್ತದೆ. ಹೇಳಿದ ಸುಳ್ಳುಗಳಿಗೆ ಜನ ದೊಡ್ಡ ಪಶ್ಚಾತ್ತಾಪವನ್ನೇನೂ ಬರೆದಿರಲಿಲ್ಲ. ಆದರೆ ಸುಳ್ಳು ಸೇರಿದ ಭೇಟಿಗಳು ಸೇರದವಕ್ಕಿಂತ ಕಡಿಮೆ ಹಿತ, ಕಡಿಮೆ ಆಪ್ತ ಅನಿಸಿದ್ದವು. ಒಂದು ವರ್ಷದ ನಂತರ ನಾನು ಹಸ್ತಪ್ರತಿ ಪೂರ್ತಿ ಓದಿ, ಮೊದಲೇ ಓದಿರಲಿಲ್ಲ ಅಂತ ಹೇಳಿದೆ. ಅವರು 'ಗೊತ್ತಿತ್ತು' ಅಂದರು. ನನ್ನ ಮುಖದಿಂದಲ್ಲ, ಆಮೇಲೆ ನಾನು ಒಂದು ಪ್ರಶ್ನೆಯನ್ನೂ ಕೇಳದ್ದರಿಂದ ಗೊತ್ತಾಯಿತಂತೆ.

ಹಾಗಾದರೆ ಎಂದೂ ಸುಳ್ಳು ಹೇಳಲೇಬಾರದಾ? ತತ್ವಜ್ಞಾನಿ ಇಮ್ಯಾನುಯಲ್ ಕಾಂಟ್ 1797ರಲ್ಲಿ ಹಾಗೇ ವಾದಿಸಿದರು. ಕೊಲೆಗಾರ ಬಾಗಿಲಿಗೆ ಬಂದು, ಒಳಗೆ ಅಡಗಿರುವ ನಿಮ್ಮ ಗೆಳೆಯನ ಬಗ್ಗೆ ಕೇಳಿದರೂ ಸುಳ್ಳು ಹೇಳುವ ಹಕ್ಕು ನಿಮಗಿಲ್ಲ ಅಂದರು. ಕಾಂಟ್ ದೊಡ್ಡವರು. ಆದರೂ ನಾನು ಒಪ್ಪುವುದಿಲ್ಲ. ಬಾಗಿಲಲ್ಲಿ ನಿಂತು 'ಅವನಿಲ್ಲ' ಅನ್ನುವಾಗ ನಿಮ್ಮ ಕೈ ಬೆವರುತ್ತದೆ, ದನಿ ನಡುಗುತ್ತದೆ. ಬೆವರಲಿ, ಹೇಳಿ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದವಳ ವಿಳಾಸ ಕೇಳಿದವರಿಗೆ ಸುಳ್ಳು ಹೇಳಿದವರನ್ನು ನಾನು ಬಲ್ಲೆ. ಅವರಿಗೂ ಎದೆ ಬಡಿದುಕೊಂಡಿತ್ತು.

ಕೊನೆಯದಾಗಿ ನಿಮ್ಮ 'ರಾತ್ರಿಯೆಲ್ಲ ಅದೇ ಯೋಚನೆ' ಎಂಬ ಮಾತು. ಇಡೀ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅದು. ಒಂದೆರಡು ದಿನದ ಕೊರಗು ಯಾರಿಗಾದರೂ ಇರುತ್ತದೆ. ಆದರೆ ಆಡಿದ ಮಾತನ್ನೆಲ್ಲ ತಲೆಯಲ್ಲಿ ಮತ್ತೆ ಮತ್ತೆ ಓಡಿಸಿ ಸುಳ್ಳು ಹುಡುಕುವುದು, 'ಹತ್ತು ನಿಮಿಷ ಅಂದೆ, ಹನ್ನೆರಡಾಯಿತು' ಅಂತ ಫೋನ್ ಮಾಡಿ ತಿದ್ದುವುದು, ಸುಳ್ಳಾಗದಿರಲಿ ಅಂತ ಪ್ರತಿ ವಾಕ್ಯಕ್ಕೂ 'ಇರಬಹುದು' ಸೇರಿಸುವುದು, 'ನಾನು ಸುಳ್ಳು ಹೇಳಲಿಲ್ಲ ಅಲ್ವಾ?' ಅಂತ ಹತ್ತಿರದವರನ್ನು ಹತ್ತು ಸಲ ಕೇಳುವುದು, ಇವೆಲ್ಲ ಇದ್ದರೆ ಅದು ಪ್ರಾಮಾಣಿಕತೆಯ ವಿಷಯವಲ್ಲ. ಗೀಳು ಕಾಯಿಲೆ ಅಥವಾ ಒಸಿಡಿ ಎಂದು ನಾವು ಕರೆಯುವುದಕ್ಕೆ ಇಂಥದ್ದೊಂದು ಮುಖ ಇದೆ. ಇಂಗ್ಲಿಷಿನಲ್ಲಿ ಅದನ್ನು ಸ್ಕ್ರುಪ್ಯುಲಾಸಿಟಿ ಅನ್ನುತ್ತಾರೆ. ಪದದ ಮೂಲ ಲ್ಯಾಟಿನ್, ಅರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿದ ಹರಳಿನ ಹಾಗೆ ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದೆ. ಒಂದು ಪತ್ರ ಓದಿ ನಿಮಗೆ ಈ ಹೆಸರು ಹಚ್ಚುವುದು ನನ್ನಿಂದಾಗದು. 'ಹೂಂ' ಅನ್ನಲೂ ಅಂಜಿಕೆ ಈಚೆಗೆ ಶುರುವಾಗಿದೆ ಅಂದಿರಲ್ಲ, ಅದು ಹಬ್ಬುತ್ತಿದ್ದರೆ, ನಿದ್ದೆ ಕೆಲಸ ಎರಡನ್ನೂ ತಿನ್ನುತ್ತಿದ್ದರೆ, ಮನೋವೈದ್ಯರನ್ನೋ ಚಿಕಿತ್ಸಾ ಮನಃಶಾಸ್ತ್ರಜ್ಞರನ್ನೋ ನೋಡಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಅಂಜಿಕೆ ಹುಟ್ಟಿಸುವ ಮಾತನ್ನು ಬೇಕಂತ ಆಡಿಸಿ, ತಿದ್ದಲು ಬಿಡದೆ, ಸಂಕಟ ತಾನಾಗಿ ಇಳಿಯುವವರೆಗೆ ಕೂರಿಸುತ್ತಾರೆ. ಔಷಧಿಯೂ ನೆರವಾಗುತ್ತದೆ.

'ಕಸಿವಿಸಿ ಹೋಗಲಾಡಿಸಬೇಡಿ ಅಂದವರು ಈಗ ಇಳಿಸಿಕೊಳ್ಳಿ ಅನ್ನುತ್ತಿದ್ದೀರಲ್ಲ' ಅನ್ನಬಹುದು. ಹೌದು. ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ, ಎಲೆ ಅಲುಗಿದರೂ ನಾಯಿ ರಾತ್ರಿಯಿಡೀ ಬೊಗಳುತ್ತಿದ್ದರೆ ಪರೀಕ್ಷಿಸಬೇಕಾದದ್ದು ನಾಯಿಯನ್ನೇ. ಗುರುತು ಹಿಡಿಯುವುದು ಹೀಗೆ: ಎದ್ದು ನೋಡಿದಾಗ ಮೋಸ ಹೋದ ಒಬ್ಬ ಮನುಷ್ಯ ಕಾಣುತ್ತಾನಾ? ಗ್ರಾಹಕರ ವಿಷಯದಲ್ಲಿ ಕಾಣುತ್ತಾರೆ. 'ಹೂಂ' ವಿಷಯದಲ್ಲಿ ಯಾರೂ ಇಲ್ಲ.

ಗೆಳತಿಯ ಹತ್ತಿರ ಓಡಿಹೋಗಿ 'ಅವತ್ತು ಸುಳ್ಳು ಹೇಳಿದ್ದೆ' ಅಂತ ತಪ್ಪೊಪ್ಪಿಕೊಳ್ಳುವುದು ಬೇಡ. ಆ ಒಪ್ಪಿಗೆಯಿಂದ ಹಗುರವಾಗುವುದು ನೀವು, ಭಾರ ಹೋಗುವುದು ಅವಳ ಮೇಲೆ. ಆ ಕವಿತೆಯನ್ನು ಇನ್ನೊಂದು ಸಲ ಓದಿ. ನಿಮ್ಮನ್ನು ತಡೆದ ಒಂದು ಸಾಲು ಸಿಕ್ಕಿದರೆ ಅದರ ಬಗ್ಗೆ ಅವಳನ್ನು ಕೇಳಿ. ಏನೂ ಸಿಗದಿದ್ದರೆ ಅದು ಅಲ್ಲಿಗೇ ಇರಲಿ. ಮುಂದಿನ ಕವಿತೆ ತಂದು 'ಹೇಗಿದೆ?' ಅಂದಾಗ, ಉತ್ತರಿಸುವ ಮೊದಲು ಅವಳಿಗೆ ಏನು ಬೇಕು ಅಂತ ಕೇಳಿ ನೋಡಿ.